ಮಾವ ಹಿಡಿದ ಮೂರನೆಯ ಮೂಲೆ

ನಮ್ಮ ಸೋದರಮಾವ ಕೊಟ್ಟೂರಿನಲ್ಲಿ ಕೂತು ಹಡಗು ನಡೆಸುತ್ತಾನೆ ಎಂದರೆ ನೀವು ನಂಬುವುದಿಲ್ಲ. ನಮ್ಮ ಅತ್ತೆ ಮಾತ್ರ ನಂಬುತ್ತಾಳೆ. ಅವಳ ಸೀರೆಯೇ ಹಾಯಿ!

ಹರೆಯದಲ್ಲಿ ಕಾರವಾರದ ಕಡೆ ಹಾಯಿದೋಣಿಯಲ್ಲಿ ದುಡಿದವನು. ದೋಣಿ ಅಲ್ಲೇ ಉಳಿಯಿತು, ಹಾಯಿ ತಲೆಯೊಳಗೆ ಕೂತು ಬಂತು. ಬಟ್ಟೆ ಕಂಡರೆ ಸಾಕು, ಪಾಠ ಶುರು.

"ಹಾಯಿಗೆ ಮೂರು ಮೂಲಿ. ಒಂದನ್ನ ಮ್ಯಾಲೆ ಏರಸಬೇಕು. ಒಂದನ್ನ ಕೆಳಗ ಕಟ್ಟಿ ಮರೀಬೇಕು. ಮೂರನೇದರ ಹಗ್ಗ ಮಾತ್ರ ಕೈಯಾಗ ಇರಬೇಕು. ಗಾಳಿ ನೋಡಿ ಬಿಡಬೇಕು, ಗಾಳಿ ನೋಡಿ ಜಗ್ಗಬೇಕು."

ಒಮ್ಮೆ ಅತ್ತೆಯ ಒದ್ದೆ ಸೀರೆಯನ್ನು ಮಾಳಿಗೆಯ ಮೇಲೆ ಹೀಗೇ ಕಟ್ಟಿದ. ಬೇಗ ಒಣಗಿತು, ಸುಳ್ಳಲ್ಲ. ಒಣಗಿ, ಗೂಟದ ಸಮೇತ ಪಕ್ಕದ ಮನೆಯ ಹುಣಸೆಮರ ಹತ್ತಿತು.

"ಹಗ್ಗ ಬಿಟ್ಟು ಚಾ ಕುಡಿಯಾಕ ಬಂದೆ. ತಪ್ಪು ನಂದು."

"ಸೀರಿ ನಂದು!" ಎಂದಳು ಅತ್ತೆ.

ಮದುವೆಗಳಿಗೆ ಹೋದರೆ ಇವನ ಕಣ್ಣು ಶಾಮಿಯಾನದ ಮೂಲೆಗಳ ಮೇಲೆ. ಊಟ ಹೆಂಗಿತ್ತು ಎಂದು ಕೇಳಿದರೆ, "ಬಾಗಿಲ ಕಡೆ ಮೂಲಿ ಭಾಳ ಬಿಗಿ ಇತ್ತು" ಎನ್ನುತ್ತಾನೆ. ಯಾರು ಕರೆಯುತ್ತಾರೆ ಹೇಳಿ ಇಂಥವನನ್ನು?

ನಾವು ಕರೆಯಲೇಬೇಕಿತ್ತು. ನನ್ನ ತಂಗಿಯ ಮದುವೆ. ಅಪ್ಪ ತೀರಿಕೊಂಡಿದ್ದ. "ತಾಳಿ ಕಟ್ಟೋವಾಗ ಅಪ್ಪ ನಿಲ್ಲೋ ಜಾಗದಾಗ ಮಾವ ನಿಂದ್ರಬೇಕು" ಎಂದು ತಂಗಿ ಹಟ ಹಿಡಿದಿದ್ದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಮನೆ ಮುಂದೆ ಶಾಮಿಯಾನ ಎದ್ದಿತು. ಬೆಳಗಿನಿಂದಲೇ ಗಾಳಿ. ಶಾಮಿಯಾನದವನು ಎಲ್ಲ ಮೂಲೆ ಬಿಗಿಯಾಗಿ ಕಟ್ಟಿದ್ದ.

"ಎಲ್ಲಾ ಬಿಗದ್ರ ಹರೀತೈತಿ. ಒಂದು ನನ್ನ ಕೈಗೆ ಕೊಡು" ಎಂದ ಮಾವ.

"ಇದು ಹಡಗಲ್ರಿ ಯಜಮಾನ್ರ, ಲಗ್ನ."

"ಎರಡಕ್ಕೂ ಗಾಳಿ ಒಂದೇನಪ!"

ಎಲ್ಲರೂ ನಕ್ಕರು. ಸರಿಯಾಗಿ ಮುಹೂರ್ತದ ಹೊತ್ತಿಗೆ ಗಾಳಿ ಬೀಸಿತು ನೋಡಿ! ಬಟ್ಟೆ ಪರ್ ಎಂದಿತು, ಹೆಂಗಸರು ಕೂತ ಕಡೆಯ ಕಂಬ ವಾಲಿತು. ಮಾವ ಓಡಿ ಒಂದು ಮೂಲೆಯ ಹಗ್ಗ ಬಿಚ್ಚಿ, ಬೇವಿನಮರಕ್ಕೆ ಒಂದು ಸುತ್ತು ಹಾಕಿ ಹಿಡಿದು ನಿಂತ. ಬಿಟ್ಟ, ಜಗ್ಗಿದ, ಬಿಟ್ಟ. ಕಂಬ ನೆಟ್ಟಗಾಯಿತು. ಶಾಮಿಯಾನದವನು ಹಗ್ಗ ಇಸಿದುಕೊಂಡು ಜೋರಾಗಿ ಜಗ್ಗಿದ. ಕಂಬ ಮತ್ತೆ ವಾಲಿತು. ಮಾವ ಕಸಿದುಕೊಂಡ.

"ಮುಹೂರ್ತ ಮೀರತೈತ್ರಿ" ಎಂದರು ಅಯ್ಯನವರು.

"ಬಾರೋ, ಹುಡುಗಿ ಕಾಯಾಕತ್ತಾಳ!" ಅವ್ವ ಕೂಗಿದಳು.

"ನಾ ಬಂದ್ರ ನನ್ನ ಹಿಂದ ಶಾಮಿಯಾನಾನೂ ಬರ್ತೈತಿ ಅಕ್ಕ. ಕಟ್ಟಸ್ರಿ, ಇಲ್ಲಿಂದಾನ ಹರಸ್ತೀನಿ."

ತಂಗಿ ಪಕ್ಕದ ಖಾಲಿ ಜಾಗ ನೋಡಿದಳು. ಎದ್ದಳು. ಸೀರೆಯ ನೆರಿಗೆ ಹಿಡಿದು, ಕೂತವರ ನಡುವೆ ದಾರಿ ಮಾಡಿಕೊಂಡು ಬೇವಿನಮರದ ಹತ್ತಿರ ಹೋಗಿ ನಿಂತಳು. ಮದುಮಗ ತನ್ನೂರು ತೆಲಿಗಿಯಿಂದ ಬಂದ ಹಿರಿಯರ ಮುಖ ನೋಡಿದ. ಅವರು ಬಾಯಿ ತೆರೆಯುವ ಮೊದಲೇ ಅವಳ ಹಿಂದೆ ನಡೆದ. ತಾಳಿ ಕಟ್ಟಿದ್ದು ಅಲ್ಲಿ.

ಕಟ್ಟಿದವನೇ ಮಾವನ ಕಡೆ ಕೈ ಚಾಚಿದ. "ಇಲ್ಲಿ ಕೊಡ್ರಿ ಮಾವಾರ."

ಮಾವ ಒಂದು ಕ್ಷಣ ಯೋಚಿಸಿ ಹಗ್ಗ ಕೊಟ್ಟ. ತೊಗಲು ಸುಲಿದ ಎರಡೂ ಅಂಗೈಗಳನ್ನು ತಂಗಿಯ ತಲೆಯ ಮೇಲಿಟ್ಟ. ಮೇಲೆ ಬಟ್ಟೆ ಪಟಪಟ ಬಡಿಯುತ್ತಲೇ ಇತ್ತು. ಮಾವ ತಲೆ ಎತ್ತಿ ನೋಡಲಿಲ್ಲ.