ನಿಂಬೆಹಣ್ಣು ತುಳಿಯದ ವ್ಯಾನು

"ಟೈರಿಗೆ ಬುದ್ಧಿ ಇಲ್ಲ ಅಂತ ಯಾರು ಹೇಳಿದ್ದು? ನೋಡಿಲ್ಲಿ ಮಂಗಳಾ!" ಎಂದು ಶಿವನಂಜಪ್ಪನವರು ವ್ಯಾನಿನ ಮುಂದೆ ಎದೆಯುಬ್ಬಿಸಿ ನಿಂತರು.

ಹೆಂಡತಿ ಸರ್ವಮಂಗಳಮ್ಮ ನೋಡಿದರು. ಕಂಡದ್ದು ನಾಲ್ಕು ಕಪ್ಪು ಟೈರು, ಒಂದಿಷ್ಟು ವೈರು, ಸ್ಟೀರಿಂಗಿನ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ. ಆ ಡಬ್ಬಿಯೇ ಯಂತ್ರ! ಹೆಸರು 'ಚಕ್ರಮಿತ್ರ'.

ಸರ್ವಮಂಗಳಮ್ಮ ನಂಜನಗೂಡಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವರು. ಅರಬ್ಬಿ ಸಮುದ್ರ ಎಲ್ಲಿದೆ ಎಂದು ಸಾವಿರಾರು ಮಕ್ಕಳಿಗೆ ಭೂಪಟದಲ್ಲಿ ತೋರಿಸಿದ್ದರು. ಸ್ವತಃ ಒಂದು ದಿನವೂ ಕಂಡಿರಲಿಲ್ಲ. ಅವರು ನಿವೃತ್ತರಾದ ದಿನ ಗಂಡ ಈ ಐವತ್ತು ವರ್ಷದ ಹಳೆಯ ವ್ಯಾನನ್ನು ತಂದು, "ಒಳಗೇ ಹಾಸಿಗೆ, ಒಲೆ ಎಲ್ಲಾ ಇದೆ. ಮುಂದಿನ ವಾರ ಉಳ್ಳಾಲದ ಕಡಲು!" ಎಂದಿದ್ದರು. ಆ ಮುಂದಿನ ವಾರ ಬರಲು ನಾಲ್ಕು ವರ್ಷ ಹಿಡಿಯಿತು. ಇವತ್ತೂ ಹೊರಡದಿದ್ದರೆ ತಾನು ಅಳುತ್ತೇನೋ, ಡಬ್ಬಿ ಎತ್ತಿ ಬಿಸಾಡುತ್ತೇನೋ ಎಂದು ಅವರಿಗೇ ಗೊತ್ತಿರಲಿಲ್ಲ.

ತಡವಾಗಿದ್ದಕ್ಕೆ ಕಾರಣವಿತ್ತು. ಅತ್ತೆ ದಾಕ್ಷಾಯಿಣಮ್ಮನವರಿಗೆ ಮಂಡಿನೋವು. ಹತ್ತಲು ಸುಲಭವಾಗಲೆಂದು ಶಿವನಂಜಪ್ಪನವರು ವ್ಯಾನನ್ನು ತಗ್ಗಿಸಿದರು. ತಗ್ಗಿಸಿದ ವ್ಯಾನು ರಸ್ತೆಯಲ್ಲಿ ಸಿಕ್ಕ ಸಿಕ್ಕ ಹಂಪುಗಳಿಗೆಲ್ಲ ಹೊಟ್ಟೆ ಉಜ್ಜಿತು. ಆಗ ಟೈರಿನಂಗಡಿಯ ಖಲಂದರ್ ಸಾಬರು ಬಗ್ಗಿ ನೋಡಿ ಸ್ಪಷ್ಟವಾಗಿ ಹೇಳಿದ್ದರು:

"ದೊಡ್ಡ ಟೈರ್ ಹಾಕಿದ್ರೆ ತಿರುಗಿಸುವಾಗ ಮಡ್ಗಾರ್ಡಿಗೆ ಉಜ್ಜುತ್ತೆ ಸಾರ್. ಕಾರಿನ ಟೈರ್ ಹಾಕಿದ್ರೆ ಭಾರ ತಡೆಯಲ್ಲ. ವ್ಯಾನಿನ ಭಾರ ಹೊರೋವಂಥ, ಎತ್ತರ ಕಮ್ಮಿ ಇರೋ ಟೈರ್ ಕೊಡ್ತೀನಿ. ಎಲ್ಲರನ್ನೂ ಒಳಗೆ ಕೂರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿ. ಉಜ್ಜಲಿಲ್ಲ ಅಂದ್ರೆ ಹೊರಡಿ. ಹಂಪ್ ಬಂದ್ರೆ ನಿಧಾನಕ್ಕೆ ಹೋಗಿ, ಅಷ್ಟೇ."

ಅಷ್ಟು ಸುಲಭವಾದರೆ ಶಿವನಂಜಪ್ಪನವರಿಗೆ ಎಲ್ಲಿ ನಿದ್ದೆ ಬರಬೇಕು!

"ಅಳತೆ ನಾವು ಆರಿಸೋದೇ ತಪ್ಪು. ನಾನೇ ಮಾಡಿದ ಈ ರಬ್ಬರಿನ ಟೈರು ಹಂಪ್ ಕಂಡ್ರೆ ತಾನೇ ಉಬ್ಬುತ್ತೆ, ದಾಟಿದ ಮೇಲೆ ತಾನೇ ಇಳಿಯುತ್ತೆ!" ಎಂದರು ಈಗ.

"ಮಡ್ಗಾರ್ಡು?" ಎಂದರು ಸರ್ವಮಂಗಳಮ್ಮ.

"ನೀನು ಒಳ್ಳೇ ಕೆಲಸಕ್ಕೆ ಮೊದಲೇ ಅಪಶಕುನ ನುಡೀಬೇಡ!"

ಪೂಜೆಯಾಯಿತು. ನಾಲ್ಕು ಟೈರಿನ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಶಿವನಂಜಪ್ಪನವರು ಗಾಡಿ ಮುಂದೆ ಬಿಟ್ಟರು. ಡಬ್ಬಿ ಮಧುರವಾಗಿ ನುಡಿಯಿತು: "ಅಡಚಣೆ ಕಂಡಿದೆ. ಸುರಕ್ಷಿತ ಅಳತೆ ಆರಿಸುತ್ತಿದ್ದೇನೆ."

ಟೈರುಗಳು ಹಣ್ಣಿಗೆ ತಾಗುವ ಕಡೆ ಗುಳಿ ಬಿದ್ದು, ಉಳಿದ ಕಡೆ ಉಬ್ಬಿ, ನಯವಾಗಿ ದಾಟಿದವು. ಹಣ್ಣಿನ ಸಿಪ್ಪೆಗೂ ಗೀರು ಬೀಳಲಿಲ್ಲ!

"ಅಪ್ಪಚ್ಚಿ ಆಗಲಿಲ್ವಲ್ಲೋ!" ಎಂದರು ದಾಕ್ಷಾಯಿಣಮ್ಮ.

"ಅದೇ ಅಮ್ಮ ಇದರ ಹೆಚ್ಚುಗಾರಿಕೆ!"

"ಹೆಚ್ಚುಗಾರಿಕೆ ಕಟ್ಟಿಕೊಂಡು ನಾನೇನ್ ಮಾಡ್ಲಿ? ನಿಂಬೆಹಣ್ಣು ಒಡೀದ ಗಾಡಿ ನಾನು ಹತ್ತಲ್ಲ!"

ಅತ್ತೆ ಹತ್ತದೆ ಸೊಸೆ ಹೇಗೆ ಹೊರಡುವುದು? ಸರ್ವಮಂಗಳಮ್ಮ ವ್ಯಾನಿನ ಕಿಟಕಿಯ ಬಳಿ ಓಡಿದರು. "ರೀ, ಆ ಡಬ್ಬಿ ಆರಿಸ್ರೀ!"

"ಆರಿಸೋದಾ? ನಾನೇ ಮಾಡಿದ ಯಂತ್ರ ನನ್ನ ಮಾತು ಕೇಳಲ್ವಾ?" ಶಿವನಂಜಪ್ಪನವರು ಗಾಡಿಯನ್ನು ಹಿಂದಕ್ಕೆ ತಂದು, ಜೋರಾಗಿ ನುಗ್ಗಿದರು. ಟೈರು ಇನ್ನಷ್ಟು ಉಬ್ಬಿತು. ಮತ್ತೆ ನುಗ್ಗಿದರು. ಮತ್ತೂ ಉಬ್ಬಿತು! "ಅಡಚಣೆ ಹಟ ಮಾಡುತ್ತಿದೆ," ಎಂದು ಡಬ್ಬಿ ದೂರಿತು. ಐದನೆಯ ಸಲಕ್ಕೆ ವ್ಯಾನಿನ ಬಾಗಿಲು ಸರ್ವಮಂಗಳಮ್ಮನ ಕುತ್ತಿಗೆ ಮಟ್ಟಕ್ಕೆ ಏರಿತ್ತು.

"ನನ್ನ ಮಂಡಿಗೋಸ್ಕರ ತಗ್ಗಿಸಿದ್ದಂತೆ! ಈಗ ಏಣಿ ಹಾಕ್ತೀಯೇನೋ?" ಎಂದು ಅತ್ತೆ ಕೂಗಿದರು.

ಅಷ್ಟರಲ್ಲಿ ಮಡ್ಗಾರ್ಡುಗಳು ಫಟ್ಟನೆ ಸೀಳಿದವು. ಮುಂದಿನ ಟೈರುಗಳು ತಗಡಿಗೆ ಒತ್ತಿಕೊಂಡು ಸ್ಟೀರಿಂಗು ಕಲ್ಲಾಯಿತು. ಬ್ರೇಕು ಒತ್ತಿದರೂ ಹಿಡಿಯಲಿಲ್ಲ. ವ್ಯಾನು ನೇರವಾಗಿ ಗೇಟು ದಾಟಿ, ಹೊಳೆಯ ಕಡೆಗಿನ ಇಳಿಜಾರು ಹಿಡಿಯಿತು. ಎದುರುಮನೆಯವರ ಚಾಪೆಯ ಮೇಲೆ ಒಣಗುತ್ತಿದ್ದ ಸಂಡಿಗೆಯನ್ನು ದಾಟಿತು; ಒಂದು ಸಂಡಿಗೆಯೂ ಮುರಿಯಲಿಲ್ಲ! ಮಲಗಿದ್ದ ನಾಯಿಯನ್ನು ದಾಟಿತು. ಅದು ಕಣ್ಣೂ ಬಿಡಲಿಲ್ಲ!

ಮುಂದೆ ಸಿಕ್ಕಿದ್ದು ಕಪಿಲಾ ನದಿ.

"ಅಡಚಣೆಗೆ ತಳವೇ ಸಿಗುತ್ತಿಲ್ಲ. ಅತಿ ದೊಡ್ಡ ಅಳತೆ ಆರಿಸುತ್ತಿದ್ದೇನೆ," ಎಂದಿತು ಡಬ್ಬಿ. ನಾಲ್ಕು ಟೈರುಗಳು ನಾಲ್ಕು ಹರಿಗೋಲುಗಳಷ್ಟು ಊದಿಕೊಂಡವು. ವ್ಯಾನು ತೇಲಿತು!

ಏದುಸಿರು ಬಿಡುತ್ತಾ ಹೊಳೆದಂಡೆಯ ಸೋಪಾನದ ತನಕ ಓಡಿಬಂದ ಸರ್ವಮಂಗಳಮ್ಮನಿಗೆ ಮೊದಲು ಭಯವಾಯಿತು. ಗಂಡ ಕಿಟಕಿಯಿಂದ ಕೈ ಬೀಸುವುದನ್ನು, ಮೀನುಗಾರರು ಹಗ್ಗ ಹಿಡಿದು ದೋಣಿ ಬಿಟ್ಟಿದ್ದನ್ನು ಕಂಡ ಮೇಲೆ ಭಯ ಹೋಗಿ, ನಾಲ್ಕು ವರ್ಷದ ಸಿಟ್ಟು ಒಟ್ಟಿಗೇ ಬಂತು.

"ಮಂಗಳಾ! ಕೆಟ್ಟಿಲ್ಲ ಕಣೇ, ತೇಲ್ತಿದೆ!" ಶಿವನಂಜಪ್ಪನವರ ದನಿಯಲ್ಲಿ ಹೆಮ್ಮೆಯೇ ಇತ್ತು. "ಈ ನೀರೂ ಸಮುದ್ರಕ್ಕೇ ಸೇರೋದಲ್ವಾ? ಬಂದು ಹತ್ತು!"

ಸರ್ವಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ಮನೆಗೆ ಬಂದರು. ಬ್ಯಾಗು ತೆಗೆದುಕೊಂಡರು. ಆಟೋ ಕರೆದು ಅತ್ತೆಯನ್ನು ಮೆಲ್ಲಗೆ ಕೂರಿಸಿ, "ಬಸ್ ಸ್ಟ್ಯಾಂಡಿಗೆ ನಡಿಯಪ್ಪ, ಮಂಗಳೂರಿಗೆ ಹೋಗ್ಬೇಕು," ಎಂದರು.

"ನನ್ನ ಮಗ?" ಎಂದರು ದಾಕ್ಷಾಯಿಣಮ್ಮ.

"ಆ ಹೊಳೆ ಕಾವೇರಿ ಸೇರಿ ಪೂರ್ವದ ಕಡಲಿಗೆ ಹೋಗುತ್ತೆ ಅತ್ತೆ. ನಮ್ಮದು ಪಶ್ಚಿಮದ್ದು. ನಡುವೆ ಅಣೆಕಟ್ಟುಗಳಿವೆ, ಅವರು ನಿಧಾನಕ್ಕೆ ಬರಲಿ."