ಹೆಂಡತಿಯ ಹೆಸರಿನ ನುಸಿ

ಎದುರುಮನೆ ಅಜ್ಜಿಯ ಹುರುಳಿಕಾಯಿ ಬಳ್ಳಿಯಿಂದ ಹೇಳದೆ ಕೇಳದೆ ಒಂದು ಎಲೆ ಕಿತ್ತದ್ದೇ ಎಲ್ಲ ಫಜೀತಿಗೂ ಮೂಲ. ಕಿತ್ತವರು ನುಸಿ ಮೇಷ್ಟ್ರು. ಕಾಯಿ ಕಿತ್ತಿದ್ದರೆ ಅಜ್ಜಿ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದರು. ಆದರೆ ಬೆಳ್ಳಂಬೆಳಗ್ಗೆ ಮೆಟ್ಟಿಲ ಬಳಿ ಬನಿಯನ್ನಿನಲ್ಲಿ ನಿಂತ ಮನುಷ್ಯ ಎಲೆಯ ಬೆನ್ನನ್ನು ಭೂತಗನ್ನಡಿಯಲ್ಲಿ ನೋಡಿ, "ಅಯ್ಯೋ ನನ್ನ ತಾಯೀ, ಬಂದೆಯಾ!" ಎಂದು ಕಣ್ಣು ತುಂಬಿಕೊಂಡರೆ ಯಾವ ಅಜ್ಜಿಗಾದರೂ ಗಾಬರಿಯಾಗುತ್ತದೆ.

"ಏನ್ ಮೇಷ್ಟ್ರೇ, ನನ್ನ ಬಳ್ಳಿಗೆ ರೋಗ ಏನಾದ್ರೂ ಬಂತಾ?"

"ರೋಗ ಅಲ್ಲ ಅಜ್ಜೀ, ಭಾಗ್ಯ! ನಿಮ್ಮ ಬಳ್ಳೀಲಿ ನುಸಿ ಇದೆ!"

ಈ ಮಾತನ್ನು ಅವರು ಆಡಬಾರದಿತ್ತು. ಆಡಿದ ಮೇಲೆ ಅಲ್ಲೇ ನಿಂತು ವಿವರಿಸಬೇಕಿತ್ತು. ಅದನ್ನು ಬಿಟ್ಟು, ಎಲೆಯನ್ನು ಅಂಗೈಯಲ್ಲಿ ಹಣತೆಯಂತೆ ಹಿಡಿದು ಮನೆಯೊಳಗೆ ಓಡಿದರು.

ಮೇಷ್ಟ್ರು ಕೃಷಿ ಕಾಲೇಜಿನ ನುಸಿ ವಿಭಾಗದಲ್ಲಿದ್ದರು. ವಿಭಾಗವೆಂದರೆ ಅವರೊಬ್ಬರೇ. ನುಸಿಗಳಲ್ಲಿ ಗಿಡದ ರಸ ಹೀರಿ ಎಲೆ ಒಣಗಿಸುವ ದುಷ್ಟರಿದ್ದಾರೆ, ಆ ದುಷ್ಟರನ್ನು ಹುಡುಕಿ ತಿನ್ನುವ ಬೇಟೆಗಾರರೂ ಇದ್ದಾರೆ. ಮೇಷ್ಟ್ರು ಬೇಟೆಗಾರರ ಭಕ್ತರು. ಯಾರೋ ಎಲ್ಲಿಂದಲೋ ಕಳಿಸಿದ ಬೇಟೆ ನುಸಿಯನ್ನು ನೋಡಿ ಇದು ಇಂಥ ಕುಲ, ಇಂಥ ಜಾತಿ ಎಂದು ಹೇಳುವುದರಲ್ಲೇ ತಲೆಗೂದಲು ಬೆಳ್ಳಗಾಗಿತ್ತು. ತಾವೇ ಕಂಡುಹಿಡಿದ ಒಂದು ಹೊಸ ಜಾತಿ ಮಾತ್ರ ಅವರ ಹಣೆಯಲ್ಲಿ ಬರೆದಿರಲಿಲ್ಲ.

ಹೋದ ತಿಂಗಳು ಇದೇ ಬಳ್ಳಿಯಲ್ಲಿ ಒಂದು ಸಿಕ್ಕಿತ್ತು. ಬೆನ್ನಿನ ಕೊನೆಯಲ್ಲಿ ಚಾಟಿಯಂಥ ಉದ್ದ ರೋಮವಿದ್ದ, ಯಾವ ಪುಸ್ತಕದಲ್ಲೂ ಇಲ್ಲದ ಹೆಣ್ಣು ನುಸಿ. ಗಾಜಿನ ಪಟ್ಟಿಯ ಮೇಲೆ ಅಂಟಿಸಿ, ಕಾಲೇಜಿನ ಸಹೋದ್ಯೋಗಿಗಳನ್ನೆಲ್ಲ ಕರೆದು ತೋರಿಸಹೋದರು. ಸಂಭ್ರಮದಲ್ಲಿ ಸೂಕ್ಷ್ಮದರ್ಶಕದ ತಿರುಪನ್ನು ಒಂದು ಸುತ್ತು ಹೆಚ್ಚೇ ತಿರುಗಿಸಿಬಿಟ್ಟರು. ಮಸೂರ ಕೆಳಗಿಳಿದು ಗಾಜು ಚಟ್ಟೆಂದಿತು. "ಹುಟ್ಟಿದ ದಿನವೇ ನಿರ್ವಂಶ ಆದ ಮೊದಲ ಜಾತಿ ಸಾರ್ ಇದು" ಎಂದು ಕಳೆ ವಿಭಾಗದವನು ನಕ್ಕ. ಅವತ್ತಿನಿಂದ ಕಾಲೇಜಿನಲ್ಲಿ ಅವರನ್ನು ನಂಬಿದವರು ಯಾರೂ ಇಲ್ಲ.

ಈಗ ಅದೇ ಜಾತಿಯ ಇನ್ನೊಂದು! ಆದರೆ ಇದು ಇನ್ನೂ ಮಗು. ಎಂಟು ಕಾಲೂ ಬಂದಿವೆ, ಕೊನೆಯ ಪೊರೆ ಕಳಚುವುದು ಬಾಕಿ. ಮೇಷ್ಟ್ರು ಊಟದ ಮೇಜಿನ ಮೇಲೆ ತಟ್ಟೆಯಿಟ್ಟು, ಒದ್ದೆ ಹತ್ತಿ ಹಾಸಿ, ಅದರ ಮೇಲೆ ಎಲೆಯನ್ನು ಬೆನ್ನು ಮೇಲಾಗಿ ಮಲಗಿಸಿ, ಸುತ್ತ ನೀರು ಬಿಟ್ಟರು. ಕೋಟೆಗೆ ಕಂದಕವಿದ್ದ ಹಾಗೆ. ನುಸಿ ಅದನ್ನು ದಾಟಲಾರದು. ತಮ್ಮ ಹಳೆಯ ಮನೆ ಸೂಕ್ಷ್ಮದರ್ಶಕವನ್ನು ಮೇಲೆ ನಿಲ್ಲಿಸಿ ದೊಡ್ಡ ಮೇಡಂಗೆ ಫೋನ್ ಮಾಡಿದರು.

ದೊಡ್ಡ ಮೇಡಂ ಎಂದರೆ ಬೇಟೆ ನುಸಿಗಳ ಲೋಕದಲ್ಲಿ ಕೊನೆಯ ಮಾತು. ಯಾವುದೋ ಸಭೆಗೆಂದು ಊರಿಗೆ ಬಂದವರು ಸಂಜೆಯ ರೈಲಿಗೆ ಹೊರಡುವವರಿದ್ದರು.

"ಪೊರೆ ಬಿಡದ ಮರಿ ನೋಡಿ ನಾನೇನ್ ಹೇಳ್ಲಿ? ಗಂಡೂ ಬೇಡ, ಮಕ್ಕಳೂ ಬೇಡ. ಬೆಳೆದ ಹೆಣ್ಣು ತೋರ್ಸಿ. ಆಮೇಲೆ ಹೊಸ ಜಾತಿ ಹೌದೋ ಅಲ್ವೋ ಹೇಳ್ತೀನಿ" ಎಂದರು.

"ಮಧ್ಯಾಹ್ನದೊಳಗೆ ಬೆಳೀತಾಳೆ ಮೇಡಂ! ಮೈಕಟ್ಟು ನೋಡಿದ್ರೆ ಹೆಣ್ಣೇ. ತಟ್ಟೆ ಅಲುಗಿಸೋ ಹಾಗಿಲ್ಲ, ನೀವೇ ಮನೆಗೆ ಬರ್ಬೇಕು."

ಮೇಡಂ ಒಪ್ಪಿದರು. ಮೇಷ್ಟ್ರು ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ನಿಂತರು. "ಈ ಸಲ ನಿಜವಾಗ್ಲೂ ಹೊಸದು ಕಣೇ. ನಿನ್ನ ಹೆಸರಿಡ್ತೀನಿ."

"ರಕ್ತ ಹೀರೋ ಹುಳಕ್ಕಾ?"

"ಹುಳ ಅಲ್ಲ. ಎಂಟು ಕಾಲು, ಜೇಡನ ಕಡೆ ನಂಟು."

"ಓಹೋ, ಹಾಗಾದ್ರೆ ಪರವಾಗಿಲ್ಲ" ಎಂದು ಹೆಂಡತಿ ಪಾತ್ರೆ ಕುಕ್ಕಿದರು.

ಅವರ ಕೋಪಕ್ಕೂ ಅರ್ಥವಿತ್ತು. ಮದುವೆಯಾದ ಹೊಸತರಲ್ಲಿ ಫ್ರಿಜ್ಜಿನ ಮೇಲಿನ ಅರೆಯ ತುಂಬ ಸ್ಪಿರಿಟ್ಟಿನಲ್ಲಿ ನುಸಿ ಅದ್ದಿಟ್ಟ ಮೇಷ್ಟ್ರ ಸೀಸೆಗಳೇ ಇದ್ದವು. ಒಮ್ಮೆ ನಾದಿನಿ ಅದರಲ್ಲೊಂದನ್ನು ಎಸೆನ್ಸ್ ಎಂದುಕೊಂಡು ನೆಂಟರಿಗೆ ಮಾಡಿದ ಸಿಹಿಗೆ ಸುರಿದಳು. ನೆಂಟರು ಇನ್ನೊಮ್ಮೆ ಹಾಕಿಸಿಕೊಂಡು ತಿಂದರೆನ್ನುವುದು ಬೇರೆ ಮಾತು. ಅಂದಿನಿಂದ ಫ್ರಿಜ್ಜು ನುಸಿಗಳಿಗೆ ನಿಷಿದ್ಧ. ಹೆಂಡತಿ ಸೂಕ್ಷ್ಮದರ್ಶಕದ ಹತ್ತಿರವೂ ಸುಳಿಯುತ್ತಿರಲಿಲ್ಲ. ಆ ಅರೆಯನ್ನೂ ಆ ಮನಸ್ಸನ್ನೂ ಒಂದು ದಿನ ಮತ್ತೆ ಗೆಲ್ಲಬೇಕೆಂಬುದು ಮೇಷ್ಟ್ರು ಯಾರಿಗೂ ಹೇಳದ ಆಸೆ.

ಇನ್ನಷ್ಟು ನುಸಿ ಹುಡುಕೋಣವೆಂದು ಅವರು ಮತ್ತೆ ಹೊರಗೆ ಬಂದಾಗ ಅಜ್ಜಿ ಬಕೆಟ್ಟಿನ ಪಕ್ಕ ಕೂತು ಬಳ್ಳಿಯ ಕೊನೆಯ ಎಲೆಯನ್ನು ಒರೆಸುತ್ತಿದ್ದರು. ಕಟ್ಟಡದ ಸಂಘದ ಕಾರ್ಯದರ್ಶಿ ಬೆನ್ನಿಗೆ ಪಂಪು ಕಟ್ಟಿಕೊಂಡು ಮೆಟ್ಟಿಲ ಮೇಲಿನ ಅಷ್ಟೂ ಕುಂಡಗಳಿಗೆ ಔಷಧಿ ಹೊಡೆದು ಬೆವರೊರೆಸಿಕೊಳ್ಳುತ್ತಿದ್ದರು.

"ನೀವು ಹೇಳಿದ್ದು ಒಳ್ಳೇದೇ ಆಯ್ತು ಮೇಷ್ಟ್ರೇ" ಎಂದರು ಅಜ್ಜಿ. "ಒಂದೊಂದು ಎಲೇನೂ ಸೋಪುನೀರಲ್ಲಿ ತೊಳ್ದಿದೀನಿ. ಒಂದ್ ನುಸಿ ಉಳಿದಿದ್ರೆ ಕೇಳಿ."

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದರು. ಇನ್ನು ಈ ಲೋಕದಲ್ಲಿ ಉಳಿದಿರುವುದು ಊಟದ ಮೇಜಿನ ಮೇಲಿನ ಆ ಒಂದು ಮಗು.

ಅವರು ಅತ್ತದ್ದು ಕೇಳಿ ಕಟ್ಟಡದವರೆಲ್ಲ ಮನೆಯೊಳಗೆ ಬಂದರು. ಕಾರ್ಯದರ್ಶಿಗೆ ಒಂದೇ ಅನುಮಾನ: "ಹೋದ ಬೇಸಿಗೇಲಿ ಕೆಂಪು ನುಸಿ ಕಾಟ ಅಂತ ನಮ್ಮ ಗುಲಾಬಿಗೆಲ್ಲ ನೀವೇ ಬೇಟೆ ನುಸಿ ತಂದು ಬಿಟ್ರಲ್ಲ, ಅದೇ ತಾನೇ ಇದು?"

"ಅದು ಕಾಲೇಜಲ್ಲಿ ಡಬ್ಬಗಟ್ಟಲೆ ಸಾಕೋ ಮಾಮೂಲಿ ಜಾತಿ ಸಾರ್! ಇದು ಬೇರೆ. ಬನ್ನಿ, ನೋಡಿ. ಆದ್ರೆ ಉಸಿರು ಬಿಡ್ಬೇಡಿ. ಒಂದು ಸೀನು ಬಂದ್ರೆ ಈ ವಂಶವೇ ಹೋಯ್ತು."

ಕಾರ್ಯದರ್ಶಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಉಪ್ಪಿನ ಹರಳಿಗಿಂತ ಚಿಕ್ಕದಾದ ಆ ಜೀವ ಅಲ್ಲಿ ಹಸಿರು ಬಯಲಿನ ನಡುವೆ ಹನಿಯಂತೆ ಹೊಳೆಯುತ್ತ ನಡೆಯುತ್ತಿತ್ತು. ಎಲೆಯ ನರಗಳು ಬೆಟ್ಟದ ಸಾಲುಗಳಾಗಿದ್ದವು. ಮುಂದಿನ ಎರಡು ಕಾಲನ್ನು ನೆಲಕ್ಕಿಡದೆ ಗಾಳಿಯಲ್ಲಿ ಆಡಿಸುತ್ತ, ನಿಂತು, ಮತ್ತೆ ಹೆಜ್ಜೆ ಹಾಕುತ್ತಿತ್ತು.

"ಅದ್ಯಾಕೆ ಹಾಗೆ ತಡಕಾಡುತ್ತೆ?" ಎಂದರು ಕಾರ್ಯದರ್ಶಿ ಪಿಸುದನಿಯಲ್ಲಿ.

"ಕಣ್ಣಿಲ್ಲ ಸಾರ್. ಹುಟ್ಟಾ ಕುರುಡು. ಕೆಂಪು ನುಸಿ ಕಚ್ಚಿದಾಗ ಗಿಡ ಒಂದು ವಾಸನೆ ಬಿಡುತ್ತೆ, ಕಾಪಾಡಿ ಅಂತ ಕೂಗಿದ ಹಾಗೆ. ಆ ವಾಸನೆ ಹಿಡಿದು ಇವು ಬರ್ತಾವೆ. ಗಾಳಿ ಮೇಲೆ ತೇಲಿಕೊಂಡೂ ಬರ್ತಾವೆ."

ಅಜ್ಜಿ ಸೋಪಿನ ಕೈ ಸೆರಗಿಗೆ ಒರೆಸಿಕೊಂಡರು. "ನನ್ನ ಬಳ್ಳಿ ಕೂಗ್ತಾ? ನನಗೆ ಕೇಳಿಸ್ಲಿಲ್ಲ, ಈ ಕುರುಡು ಮಗೂಗೆ ಕೇಳಿಸ್ತಾ?" ಎಂದರು.

"ಜಾತಿ ಹೇಗ್ ಗೊತ್ತಾಗುತ್ತೆ?" ಎಂದು ಮತ್ತಾರೋ ಕೇಳಿದರು.

"ಬೆನ್ನ ಮೇಲಿನ ರೋಮದಿಂದ. ಯಾವ ಜಾಗದಲ್ಲಿ ಎಷ್ಟುದ್ದ ಅಂತ. ಒಂದೊಂದು ರೋಮಕ್ಕೂ ಒಂದೊಂದು ಹೆಸರಿದೆ. ಅದರ ಮೇಲೆ ಹೆಣ್ಣಿನ ಹೊಟ್ಟೆ ಕೆಳಗಿನ ಫಲಕಗಳು, ಒಳಗಿರೋ ಬೀಜದ ಚೀಲ. ಗಂಡು ನೋಡಿದ್ರೆ ಏನೂ ತಿಳಿಯಲ್ಲ."

"ಅದನ್ನ ಹೇಳೋಕೆ ಕಾಲೇಜು ಬೇಕಾ?" ಎಂದರು ಅಜ್ಜಿ.

ಬೆರಗು ಮುಗಿಯುತ್ತಿದ್ದಂತೆ ಜಗಳ ಶುರುವಾಯಿತು. ಬಳ್ಳಿ ನನ್ನದು, ಆದ್ದರಿಂದ ನನ್ನ ಹೆಸರಿಡಿ ಎಂದು ಅಜ್ಜಿ. ಮೆಟ್ಟಿಲು ಎಲ್ಲರದು, ಆದ್ದರಿಂದ ಸಂಘದ ಹೆಸರಿಡಿ ಎಂದು ಕಾರ್ಯದರ್ಶಿ. ಮೂರನೇ ಮಹಡಿಯವರು ತಮ್ಮ ತೀರಿಕೊಂಡ ನಾಯಿಯ ಹೆಸರು ಸೂಚಿಸಿದರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ಆಗ ಸರಸರನೆ ಒಳಗೆ ಬಂದರು.

"ಹೆಸರು ಆಗ್ಲೇ ಗೊತ್ತಾಗಿದೆ. ಎಲ್ರೂ ಹೊರಡಿ. ಮಗು ಪೊರೆ ಬಿಡೋ ಹೊತ್ತು."

ಮೇಷ್ಟ್ರು ಬೆಚ್ಚಿ ಹೆಂಡತಿಯ ಮುಖ ನೋಡಿದರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ದೊಡ್ಡ ಮೇಡಂ ಗೇಟಿನಲ್ಲಿದ್ದರು. ಯಾರ ಮನೆಗೆಂದು ಕಾವಲುಗಾರ ಕೇಳಿದ್ದಕ್ಕೆ 'ಒಂದು ನುಸಿ ನೋಡೋಕೆ' ಎಂದಿದ್ದರಂತೆ. ಅವನು ಹುಚ್ಚಿಯೆಂದು ತಡೆದು ನಿಲ್ಲಿಸಿದ್ದ.

"ನಾನು ಹೋಗಿ ಕರ್ಕೊಂಡ್ ಬರ್ತೀನಿ. ನೀನು ಇಲ್ಲೇ ಇರು. ಯಾರಿಗೂ ಮುಟ್ಟೋಕೆ ಬಿಡ್ಬೇಡ" ಎಂದು ಮೇಷ್ಟ್ರು ಚಪ್ಪಲಿ ಮೆಟ್ಟುತ್ತ ಹೇಳಿದರು. "ಹಸಿವಿಂದ ಸಾಯಬಾರದು, ಅದೊಂದು ನೋಡ್ಕೋ."

ಕಾವಲುಗಾರನಿಗೆ ನುಸಿಯ ಮಹಿಮೆ ತಿಳಿಹೇಳಿ ಮೇಡಂ ಅವರನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಹೊತ್ತಾಗಿತ್ತು. ಮನೆಯೊಳಗೆ ಕಾಲಿಟ್ಟ ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. ಅವರ ಹೆಂಡತಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ಹರಿದಿತ್ತು, ಅದರ ಕಡೆ ಅವರಿಗೆ ಗಮನವೇ ಇರಲಿಲ್ಲ.

"ರೀ, ಪೊರೆ ಬಿಟ್ಲು ರೀ!" ಎಂದು ತಿರುಗಿದವರ ಕಣ್ಣಲ್ಲಿ ನೀರಿತ್ತು. "ಸುಮ್ನೆ ಕೂತಿದ್ಲು, ಸತ್ತೇ ಹೋದ್ಲು ಅಂದ್ಕೊಂಡೆ. ಆಮೇಲೆ ಮೈ ಬಿರೀತು. ಬಿಗಿ ರವಿಕೆ ಬಿಚ್ಚೋ ಹಾಗೆ ಒಂದೊಂದೇ ಕಾಲು ಎಳ್ಕೊಂಡು ಹೊರಗ್ ಬಂದ್ಲು. ಗಾಜಿನ ಹಾಗಿದ್ಲು ರೀ, ಹಿಂದೆ ಉದ್ದಕ್ಕೆ ಜಡೆ ಹಾಗೆ ಆ ರೋಮ! ಇಷ್ಟು ವರ್ಷ ನೀವು ಇದನ್ನೇನಾ ನೋಡ್ತಿದ್ದದ್ದು? ನನಗ್ಯಾಕೆ ಹೇಳ್ಲಿಲ್ಲ?"

ದಿನಾ ಹೇಳುತ್ತಿದ್ದೆನಲ್ಲ ಎಂದು ಮೇಷ್ಟ್ರು ಅನ್ನಲಿಲ್ಲ. ಹೊಸ ಜಾತಿ ಸಿಗದಿದ್ದರೂ ಇನ್ನು ಪರವಾಗಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಬಾರದಿತ್ತು.

ದೊಡ್ಡ ಮೇಡಂ ಕನ್ನಡಕ ಹಣೆಗೇರಿಸಿ ಕೂತರು. ಬಾಗಿಲಲ್ಲಿ ಅಜ್ಜಿ, ಕಾರ್ಯದರ್ಶಿ, ಮೂರನೇ ಮಹಡಿಯವರು ಉಸಿರು ಬಿಗಿಹಿಡಿದು ನಿಂತಿದ್ದರು.

"ಇಲ್ಲಿ ಎರಡಿವೆ" ಎಂದರು ಮೇಡಂ ಮೆಲ್ಲಗೆ. "ಕೆಳಗಿರೋದರ ರೋಮ ನೋಡಿದೆ. ಹೆಣ್ಣೇ. ನೀವು ಹೇಳಿದ್ದು ನಿಜ, ಇಂಥದ್ದನ್ನ ನಾನೂ ನೋಡಿಲ್ಲ. ಆದ್ರೆ..." ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. "ನೀವೇ ನೋಡಿ."

ಮೇಷ್ಟ್ರು ನೋಡಿದರು. ತಾವೇ ಕೈಯಾರೆ ಸಾಕಿ, ಕಟ್ಟಡದ ಕುಂಡಕುಂಡಕ್ಕೂ ಬಿಟ್ಟ ಆ ಮಾಮೂಲಿ ಜಾತಿಯ ದಢೂತಿ ಹೆಣ್ಣೊಂದು, ಆಗತಾನೆ ಪೊರೆ ಬಿಟ್ಟು ಮೈ ಇನ್ನೂ ಗಟ್ಟಿಯಾಗದ ಗಾಜಿನ ಕೂಸನ್ನು ತಬ್ಬಿ ಹಿಡಿದು ಶಾಂತವಾಗಿ ಹೀರುತ್ತಿತ್ತು. ಕೆಳಗೆ ಉಳಿದಿದ್ದದ್ದು ಮುದುಡಿದ ತೊಗಲು. ಎದೆ ಸುಟ್ಟರೂ ಮೇಷ್ಟ್ರಿಗೆ ಕಣ್ಣು ಕೀಳಲಾಗಲಿಲ್ಲ. ಅಷ್ಟು ಅಚ್ಚುಕಟ್ಟಾದ ಬೇಟೆಯನ್ನು ಅವರು ಈವರೆಗೆ ಕಂಡಿರಲಿಲ್ಲ.

"ಇನ್ನೊಂದು ಎಲ್ಲಿಂದ ಬಂತು?" ಎಂದು ಹೇಗೋ ಕೇಳಿದರು.

"ಹಸಿವಿಂದ ಸಾಯಬಾರದು ಅಂದ್ರಲ್ಲ" ಎಂದರು ಹೆಂಡತಿ ಹೆಮ್ಮೆಯಿಂದ. "ನಮ್ಮ ಬಾಲ್ಕನಿ ಗುಲಾಬಿಯಿಂದ ನಿಮ್ಮ ಕುಂಚದಲ್ಲೇ ಊಟ ಎತ್ತಿ ಹಾಕ್ದೆ, ನೀವು ಮಾಡೋ ಹಾಗೇ. ಕೆಂಪಗಿದ್ದವು ಸುಮಾರಿದ್ವು. ಮೊದಲ ಸಲ ಮನೆಗೆ ಬಂದವಳು, ಬಡಕಲು ಯಾಕೆ ಹಾಕ್ಲಿ ಅಂತ ಎಲ್ಲಕ್ಕಿಂತ ದಪ್ಪಗಿದ್ದದ್ದನ್ನೇ ಆರಿಸಿ ಹಾಕ್ದೆ. ತಿಂತಾ ಇದಾಳಾ?"

ಮೇಡಂ ಕಿಟಕಿಯ ಕಡೆ ತಿರುಗಿದರು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಅಷ್ಟು ಬೆಳಕನ್ನು ಮದುವೆಯ ದಿನವೂ ಕಂಡಿದ್ದ ನೆನಪಿಲ್ಲ.

"ತಿಂದು ಮುಗಿಸ್ತಿದೆ" ಎಂದರು.

ಹೆಂಡತಿ ಅವರನ್ನು ಸರಿಸಿ ಕಣ್ಣಿಟ್ಟರು. "ಅಬ್ಬಾ! ನಾನು ನೋಡಿದ್ದಕ್ಕಿಂತ ಎಷ್ಟು ಮೈ ತುಂಬಿಕೊಂಡಿದಾಳೆ! ಬಣ್ಣಾನೂ ಬಂದಿದೆ. ಜಡೆ ಮಾತ್ರ ಕಾಣ್ತಿಲ್ಲ."

"ದೊಡ್ಡವಳಾದ್ಲಲ್ಲ, ಕತ್ತರಿಸ್ಕೊಂಡಿರ್ತಾಳೆ" ಎಂದರು ಅಜ್ಜಿ ಬಾಗಿಲಿನಿಂದ.

ಎಲ್ಲರೂ ಸಾಲಾಗಿ ಬಂದು ನೋಡಿದರು, ನೋಡಿದವರು ಕೈಮುಗಿದರು. ರೈಲಿಗೆ ಹೊತ್ತಾಯಿತೆಂದು ಹೊರಟ ಮೇಡಂ ಬಾಗಿಲಲ್ಲಿ ಮೇಷ್ಟ್ರ ಭುಜ ತಟ್ಟಿ, "ಇನ್ನೊಂದು ಹೆಣ್ಣು ಸಿಕ್ಕಿದ ದಿನ ಫೋನ್ ಮಾಡಿ" ಎಂದರು. ಸೋಪಿನ ನೀರು ಕುಡಿದು ಲಕಲಕನೆ ಹೊಳೆಯುತ್ತಿದ್ದ ಬಳ್ಳಿಯನ್ನು ದಾಟಿಕೊಂಡು ಮೆಟ್ಟಿಲಿಳಿದು ಹೋದರು.

ಮೇಷ್ಟ್ರು ಒಳಗೆ ಬಂದಾಗ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಸುತ್ತ ಉಪ್ಪಿನಕಾಯಿ ಜಾಡಿ, ಬೆಣ್ಣೆ ಬಟ್ಟಲು, ನಿಂಬೆಹಣ್ಣು ಹರಡಿದ್ದವು. ಫ್ರಿಜ್ಜಿನ ಬಾಗಿಲು ತೆರೆದಿತ್ತು. ಮೇಲಿನ ಅರೆ ಪೂರ್ತಿ ಖಾಲಿಯಾಗಿ, ಒರೆಸಿಕೊಂಡು ಮಿಂಚುತ್ತಿತ್ತು.

"ಸೆಖೆ ಜಾಸ್ತಿ, ಪಾಪ. ನನ್ನ ಹೆಸರಿನವಳನ್ನ ಇಲ್ಲೇ ಇಡಿ" ಎಂದರು ಅವರು. "ಅವಳ ಮಕ್ಕಳು ಮರಿಗೂ ಜಾಗ ಆಗುತ್ತೆ."

ಕಾಲೇಜಿನಲ್ಲಿ ಡಬ್ಬಗಟ್ಟಲೆ ತುಂಬಿರುವ ಆ ನುಸಿಯ ತಟ್ಟೆಯನ್ನು ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದು, ಅಲುಗಿಸದೆ, ಉಸಿರು ಬಿಡದೆ ತಂದು ಫ್ರಿಜ್ಜಿನೊಳಗೆ ಇಟ್ಟರು.