ಅಳಿಯನ ಕ್ಲಚ್ಚಿಗೆ ಅತ್ತೆಯ ಜಮಖಾನ

ಗಂಡ ಹೆಂಡತಿ ಕೂಡಿ ಮಾಡಬಹುದಾದ ಕೆಲಸ ನೂರೆಂಟಿವೆ. ಆಲೂಗಡ್ಡೆ ಅಗೆಯಬಹುದು, ಬೇಲಿಗೆ ಬಣ್ಣ ಬಳಿಯಬಹುದು, ಬೇಸರವಾದರೆ ಒಂದಿಷ್ಟು ಜಗಳವನ್ನೂ ಆಡಬಹುದು. ಆದರೆ ಹಳೆಯ ಕಾರಿನ ಕ್ಲಚ್ಚಿನೊಳಗಿನ ಗಾಳಿ ತೆಗೆಯುವ ಕೆಲಸವನ್ನು ಮಾತ್ರ ಕೂಡಿ ಮಾಡಬಾರದು. ಮದುವೆ ಮಾಡಿಸಿದ ಪಾದ್ರಿ ಇದೊಂದು ಮಾತನ್ನು ಮೊದಲೇ ಹೇಳಿದ್ದರೆ ರೈಮೊ ಎಷ್ಟೋ ಸುಖವಾಗಿರುತ್ತಿದ್ದ. ಅವರು ಹೇಳಿದ್ದು ಕಷ್ಟಸುಖಗಳಲ್ಲಿ ಜೊತೆಗಿರಿ ಎಂದಷ್ಟೇ. ಕಷ್ಟ ಕಾರಿನ ಕೆಳಗೆ ಅಂಗಾತ ಮಲಗಿರುತ್ತದೆ, ಸುಖ ಮೇಲೆ ಸೀಟಿನಲ್ಲಿ ಕೂತು ಕಾಫಿ ಕುಡಿಯುತ್ತಿರುತ್ತದೆ ಎಂಬುದು ಪಾಪ ಅವರಿಗೇನು ಗೊತ್ತು!

ರೈಮೊ ಫಿನ್‌ಲ್ಯಾಂಡಿನ ಇಸಾಲ್ಮಿ ಪಟ್ಟಣದಲ್ಲಿ ಪಿಯಾನೊಗಳಿಗೆ ಶ್ರುತಿ ಮಾಡುವವನು. ಸುತ್ತಲಿನ ಶಾಲೆ, ಚರ್ಚುಗಳ ಪಿಯಾನೊಗಳೆಲ್ಲ ಅವನ ಕಿವಿಗೆ ಹೆದರಿಕೊಂಡೇ ಬಾಳುತ್ತಿದ್ದವು. ಆ ಕಿವಿಯ ಮೇಲೆ ಅವನಿಗೆ ಎಷ್ಟು ಅಭಿಮಾನವೆಂದರೆ, ಕೆಟ್ಟ ರೇಡಿಯೊ, ಸೋರುವ ನಲ್ಲಿ, ಹೆಂಡತಿಯ ಸಿಟ್ಟು, ಎಲ್ಲವನ್ನೂ ಕೇಳಿಯೇ ರೋಗ ಹೇಳುತ್ತಿದ್ದ. (ಮೂರನೆಯದರಲ್ಲಿ ಮಾತ್ರ ಯಾವಾಗಲೂ ತಪ್ಪುತ್ತಿದ್ದ.) ಊರೂರು ತಿರುಗಲು ಅವನ ಬಳಿ ಒಂದು ಹಳೆಯ ಸ್ಟೇಷನ್ ವ್ಯಾಗನ್ ಇತ್ತು. ಇಬ್ಬರು ಮಕ್ಕಳನ್ನೂ ಆಸ್ಪತ್ರೆಯಿಂದ ಮನೆಗೆ ತಂದ ಕಾರು ಅದೇ. ಅದನ್ನವನು ಪ್ರೀತಿಯಿಂದ ‘ಮುದುಕಿ’ ಎನ್ನುತ್ತಿದ್ದ. ಹೆಂಡತಿ ಸಿರ್ಕಳನ್ನು ಹಾಗೆ ಕರೆಯುವ ಧೈರ್ಯ ಅವನಿಗೆ ಎಂದೂ ಬಂದಿರಲಿಲ್ಲ.

ಆ ವಸಂತದಲ್ಲಿ ಮುದುಕಿಗೆ ಕ್ಲಚ್ಚಿನ ಕಾಯಿಲೆ ಅಂಟಿಕೊಂಡಿತು. ಪೆಡಲನ್ನು ಪೂರ್ತಿ ತುಳಿದರೂ ರಿವರ್ಸ್ ಗೇರು ‘ಕರ್‌ರ್‌ರ್’ ಎಂದು ಹಲ್ಲು ಕಡಿಯುತ್ತಿತ್ತು. ಮೊದಲನೇ ಗೇರು ಹಟ ಮಾಡುವ ಎತ್ತಿನಂತೆ ನಿಲ್ಲುತ್ತಿತ್ತು. ಕೆಂಪು ದೀಪದ ಮುಂದೆ ನಿಂತರೆ ಕಾರು ತಾನಾಗಿಯೇ ಅಂಗುಲ ಅಂಗುಲ ಮುಂದೆ ಸರಿದು ಮುಂದಿನವರ ಹಿಂಭಾಗವನ್ನು ಮೂಸಲು ಹೋಗುತ್ತಿತ್ತು. ಇವೆಲ್ಲ ಸಾಲದೆಂಬಂತೆ ಒಂದು ದಿನ ಸಿರ್ಕಳ ತಮ್ಮ ಓಸ್ಮೊನ ಮನೆಯಂಗಳದಲ್ಲೇ ಮುದುಕಿ ಊರಿಗೆಲ್ಲ ಕೇಳುವಂತೆ ಕಿರುಚಿತು. ಓಸ್ಮೊ ಆಗಷ್ಟೇ ಗೇರೇ ಹಾಕಬೇಕಿಲ್ಲದ ಹೊಸ ಕಾರು ತಂದಿದ್ದ.

“ಭಾವ, ನಿನ್ನ ಪಿಯಾನೊಗೆ ಶ್ರುತಿ ತಪ್ಪಿದೆ ಕಣೋ,” ಎಂದ ಓಸ್ಮೊ. “ನನ್ನ ಕಾರು ನೋಡು, ಎಡಗಾಲಿಗೆ ಕೆಲಸಾನೇ ಇಲ್ಲ.”

“ಎಡಗಾಲಿಗೆ ಇಲ್ಲ, ತಲೆಗೂ ಇಲ್ಲ. ನಿನಗೆ ಹೇಳಿಮಾಡಿಸಿದ ಹಾಗಿದೆ ಬಿಡು,” ಎಂದು ರೈಮೊ ಬಾಯಿ ಮುಚ್ಚಿಸಿದನೇನೋ ನಿಜ. ಆದರೆ ಮನೆಗೆ ಬರುವ ದಾರಿಯಲ್ಲಿ ಸಿರ್ಕ ತೀರ್ಪು ಕೊಟ್ಟುಬಿಟ್ಟಳು.

“ಕೇಳು ರೈಮೊ. ನಡುಬೇಸಿಗೆಯ ಯುಹಾನ್ನುಸ್ ಹಬ್ಬಕ್ಕೆ ಎಲ್ಲರೂ ಕೆರೆ ಮನೆಗೆ ಹೋಗ್ತೀವಲ್ಲ, ಅಲ್ಲೀತನಕ ಈ ಕಾರು ನೆಟ್ಟಗೆ ಹೋದ್ರೆ ಇಟ್ಕೋ. ದಾರೀಲಿ ಒಂದೇ ಒಂದು ಸಲ ಕರ್ ಅಂತು ಅಂದ್ರೆ ಸೀದಾ ಗುಜರಿಗೆ. ಆಮೇಲೆ ಓಸ್ಮೊ ತಂದನಲ್ಲ, ಅಂಥದ್ದೇ.”

“ಗುಜರಿಗಾ? ಮಕ್ಕಳನ್ನ ಮನೆಗೆ ತಂದ ಕಾರು ಕಣೇ!”

“ಮಕ್ಕಳೇ ಮನೆ ಬಿಟ್ಟು ಹೋಗಿದ್ದಾಯ್ತು. ಕಾರು ಯಾಕೆ ಇನ್ನೂ ಕೂತಿದೆ?”

ಮುದುಕಿಯನ್ನು ಗುಜರಿಯವನ ಯಂತ್ರ ಅಪ್ಪಚ್ಚಿ ಮಾಡುವುದನ್ನು ನೆನೆದು ರೈಮೊಗೆ ಆ ದಿನ ಏಲಕ್ಕಿ ಬನ್ನು ಕೂಡ ರುಚಿಸಲಿಲ್ಲ. ಹಬ್ಬಕ್ಕೆ ಇನ್ನು ಉಳಿದದ್ದು ಬೆರಳೆಣಿಕೆಯ ಶನಿವಾರಗಳು.

ಈಗ ಜಮಖಾನದ ವಿಷಯ ಹೇಳಿಬಿಡಬೇಕು. ಸಿರ್ಕಳ ತಾಯಿ ಹೆಲ್ವಿ ಹಳೆಯ ಬಟ್ಟೆಯ ಚಿಂದಿಗಳಿಂದ ಮಗ್ಗದಲ್ಲಿ ಜಮಖಾನ ನೇಯುವುದರಲ್ಲಿ ನಿಸ್ಸೀಮಳು. ಆಕೆ ನೇಯ್ದದ್ದು ಹೆಬ್ಬೆರಳಿನಷ್ಟು ದಪ್ಪ. ತಿಂಗಳ ಹಿಂದೆ ರೈಮೊ ಅತ್ತೆಯನ್ನು ಮನೆಗೆ ಬಿಟ್ಟು ಹೊರಟಾಗ ಆಕೆ ಓಡಿಬಂದು ಕಾರಿನ ಕಿಟಕಿಯಿಂದ ನೀಲಿ ಪಟ್ಟೆಯ ಒಂದು ಜಮಖಾನ ತೂರಿಸಿ, “ತಗೋ, ಕಾಲಿಗೆ,” ಎಂದಿದ್ದಳು. ಅಷ್ಟೇ. ಆ ಸೀಮೆಯಲ್ಲಿ ಮೂರನೆಯ ಶಬ್ದ ಆಡಿದರೆ ವಾಚಾಳಿತನ. ರೈಮೊ ಅಲ್ಲೇ, ಅತ್ತೆಯ ಕಣ್ಣೆದುರೇ, ಅದನ್ನು ತನ್ನ ಕಾಲ ಕೆಳಗೆ ಹಾಸಿದ. ಉದ್ದ ಹೆಚ್ಚಾಯಿತೆಂದು ಮಡಿಸಿ ಹಾಸಿದ. ಅತ್ತೆ ಒಂದು ಕ್ಷಣ ನೋಡಿ, ಏನೂ ಹೇಳದೆ ಒಳಗೆ ಹೋದಳು.

(ಓದುಗರಿಗೆ ಈಗಾಗಲೇ ಏನೋ ಹೊಳೆದಿರಬಹುದು. ದಯವಿಟ್ಟು ಬಾಯಿ ಬಿಡಬೇಡಿ. ರೈಮೊಗೆ ಇನ್ನೂ ಹೊಳೆದಿಲ್ಲ.)

ಮೊದಲ ಶನಿವಾರ ರೈಮೊ ವೈದ್ಯಶಾಸ್ತ್ರಕ್ಕೆ ಕೈಹಾಕಿದ. ಬಾನೆಟ್ ಎತ್ತಿ ಕ್ಲಚ್ಚಿನ ಎಣ್ಣೆ ನೋಡಿದ. ಡಬ್ಬಿ ತುಂಬಿತ್ತು. ಪೆಡಲಿನ ಮೇಲ್ಗಡೆ ಬೆರಳಾಡಿಸಿ ಸೋರಿಕೆ ಹುಡುಕಿದ. ಒಣಗಿತ್ತು. ಇನ್ನುಳಿದದ್ದು ಕೊಳವೆಯಲ್ಲಿ ಗಾಳಿ. ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿದರೆ ಪೆಡಲು ತುಳಿದ ಬಲವೆಲ್ಲ ಗುಳ್ಳೆ ಹಿಸುಕುವುದರಲ್ಲೇ ಮುಗಿದು ಕ್ಲಚ್ಚನ್ನು ತಲುಪುವುದೇ ಇಲ್ಲ. ಒಬ್ಬರು ಮೇಲೆ ಪೆಡಲು ತುಳಿಯಬೇಕು, ಇನ್ನೊಬ್ಬರು ಕೆಳಗೆ ನಟ್ಟು ಸಡಿಲಿಸಿ ಗಾಳಿ ಬಿಡಬೇಕು. ಕಾರನ್ನು ಜಾಕಿನ ಮೇಲೆ ಏರಿಸಿ, ಜಲ್ಲಿಕಲ್ಲಿನ ಮೇಲೆ ಮಲಗಲು ಏನಾದರೂ ಬೇಕಲ್ಲ ಎಂದು ಪೆಡಲಿನ ಕೆಳಗಿದ್ದ ಜಮಖಾನವನ್ನು ಎಳೆದು, ಬಿಚ್ಚಿ, ಹಾಸಿಕೊಂಡ. ಅವನ ಉದ್ದಕ್ಕೆ ಅಳೆದಂತಿತ್ತು. ಸಿರ್ಕ ಕಾಫಿ ಲೋಟದೊಂದಿಗೆ ಸೀಟಿನಲ್ಲಿ ವಿರಾಜಮಾನಳಾದಳು.

“ಒತ್ತು!” ಎಂದ ರೈಮೊ ಪಾತಾಳದಿಂದ.

“ಒತ್ತಿದೆ.”

“ಹಿಡಿ!”

“ಏನನ್ನ?”

“ಪೆಡಲ್ನ! ಕಾಲಲ್ಲಿ!”

“ಕಾಲಲ್ಲಿ ಹಿಡಿಯೋಕೆ ನಾನೇನು ಕೋತಿನಾ?”

“ಅಯ್ಯೋ, ಒತ್ತಿದ್ದನ್ನ ಹಾಗೇ ಇಟ್ಕೊಂಡಿರೇ! ನಾನು ಬಿಡ್ತಾ ಇದೀನಿ...”

“ಬಿಟ್ಟೆ.”

“ನೀನ್ಯಾಕೆ ಬಿಟ್ಟೆ? ಗಾಳಿ ವಾಪಸ್ ಒಳಗೆ ಹೋಯ್ತು!”

“ನೀನೇ ಬಿಡು ಅಂದ್ಯಲ್ಲ!”

“ಬಿಡ್ತಾ ಇದೀನಿ ಅಂದೆ! ನಾನು! ನಟ್ಟನ್ನ!”

“ಮೂವತ್ತು ವರ್ಷದಿಂದ ಕೂಗಾಡ್ತಾ ಇದೀಯ, ಅದನ್ನ ಮೊದಲು ಬಿಡು!”

ಅಷ್ಟರಲ್ಲಿ ನಟ್ಟು ಪೂರ್ತಿ ಸಡಿಲಾಗಿ ಅವನ ಹುಬ್ಬಿಗೆ ಎಣ್ಣೆಯ ಅಭಿಷೇಕವಾಯಿತು. ಆ ಮಧ್ಯಾಹ್ನವೆಲ್ಲ ಒತ್ತು, ಹಿಡಿ, ಬಿಡು ಎಂಬ ಮಂತ್ರಘೋಷ ಬೀದಿಯ ಕೊನೆಯವರೆಗೂ ಕೇಳಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಕೊನೆಗೆ ಕಾರು ಇಳಿಸಿ ರಿವರ್ಸ್ ಹಾಕಿದರೆ, ಏನಾಶ್ಚರ್ಯ! ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ರೈಮೊ ಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಮೆರವಣಿಗೆ ಮಾಡಿದ. “ಗಾಳಿ! ಕೇಳಿದ ತಕ್ಷಣ ಗೊತ್ತಾಗಿತ್ತು ನನಗೆ,” ಎಂದ.

ಮರುದಿನ ಅತ್ತೆಯನ್ನು ಕಾಫಿಗೆ ಕರೆತರಬೇಕಿತ್ತು. ಜಮಖಾನ ಕಾಣದಿದ್ದರೆ ಆಕೆಗೆ ಬೇಸರವಾದೀತೆಂದು ರೈಮೊ ಅದನ್ನು ಕೊಡವಿ, ನೀಟಾಗಿ ಮಡಿಸಿ, ಪೆಡಲಿನ ಕೆಳಗೆ ಹಾಸಿದ. ಅತ್ತೆಯ ಮನೆಯ ಗೇಟಿನಲ್ಲಿ ಮುದುಕಿ ಕರ್‌ರ್‌ರ್ ಎಂದಿತು.

ಎರಡನೆಯ ಶನಿವಾರ ಕೆಳಗಿನ ಸಿಲಿಂಡರಿನ ರಬ್ಬರು ಬದಲಾಯಿತು. ಜಮಖಾನ ಹಾಸಿಕೊಂಡು ಮಲಗಿದ, ಸಿರ್ಕ ಒತ್ತಿದಳು, ಹಿಡಿದಳು, ಬಿಟ್ಟಳು, ಬೈದಳು. ಕಾರು ಗುಣವಾಯಿತು. ಜಮಖಾನ ಒಳಗೆ ಹೋಯಿತು, ಕಾಯಿಲೆ ಮರಳಿತು. ಮೂರನೆಯ ಶನಿವಾರ ಮೇಲಿನ ಸಿಲಿಂಡರನ್ನೇ ಕಿತ್ತು ಹೊಸದು ಕೂಡಿಸಿದ. ಸಿರ್ಕಳ ಎಡಮಂಡಿ ಊದಿಕೊಂಡಿತು. ಕಾರು ಮತ್ತೆ ಗುಣವಾಯಿತು, ಮತ್ತೆ ಮಲಗಿತು. ಇಷ್ಟು ಶುಶ್ರೂಷೆ ಕಂಡ ಕಾರು ಫಿನ್‌ಲ್ಯಾಂಡಿನಲ್ಲೇ ಇನ್ನೊಂದಿರಲಾರದು. ರೈಮೊ ಮಾತ್ರ ರಾತ್ರಿ ಕನಸಿನಲ್ಲೂ ‘ಹಿಡಿ, ಹಿಡಿ’ ಎಂದು ಕನವರಿಸುತ್ತಿದ್ದ, ಸಿರ್ಕ ಕಾಲಿನಿಂದ ಉತ್ತರ ಕೊಡುತ್ತಿದ್ದಳು.

ಹಬ್ಬದ ಬೆಳಗು ಬಂತು. ಹೊಸ ಆಲೂಗಡ್ಡೆ, ಉಪ್ಪು ಮೀನಿನ ಡಬ್ಬಿ, ಸಾಸೇಜು, ಬಾಗಿಲಿಗೆ ಕಟ್ಟಲು ಬರ್ಚ್ ಮರದ ರೆಂಬೆ ಎಲ್ಲ ಕಾರಿನ ಪಕ್ಕದಲ್ಲಿ ಪೇರಿಸಿಟ್ಟಿದ್ದರು. ಹಿಂದಿನ ಸಂಜೆ ಕೊನೆಯ ಬಾರಿ ಗಾಳಿ ತೆಗೆದಾಗಿತ್ತು. ರೈಮೊ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿ ರಿವರ್ಸ್ ಹಾಕಿ ನೋಡಿದ. ಸದ್ದಿಲ್ಲ. ಇಳಿದು ಜಮಖಾನ ತಂದು ಹಾಸಿದ. ಮತ್ತೆ ರಿವರ್ಸ್ ಹಾಕಿದ.

ಕರ್‌ರ್‌ರ್.

ಕಾರು ಒಂದು ಗೇಣೂ ಅಲುಗಿರಲಿಲ್ಲ. ಅಷ್ಟರಲ್ಲಿ ಎಲ್ಲಿಯ ಗಾಳಿ, ಎಲ್ಲಿಯ ರಬ್ಬರು? ರೈಮೊ ನಿಧಾನವಾಗಿ ತನ್ನ ಮಂಡಿಗಳ ನಡುವಿನಿಂದ ಕೆಳಗೆ ನೋಡಿದ. ಪೆಡಲು ತಳ ಮುಟ್ಟುವ ಮೊದಲೇ ನೀಲಿ ಪಟ್ಟೆಯ ದಿಂಬಿನ ಮೇಲೆ ಸುಖವಾಗಿ ಕೂತಿತ್ತು. ಜಮಖಾನ ಎಳೆದ. ನಿಶ್ಶಬ್ದ. ಹಾಸಿದ. ಕರ್‌ರ್‌ರ್. ಎಳೆದ, ಹಾಸಿದ, ಎಳೆದ. ಶ್ರುತಿ ನೋಡುವವನ ಚಾಳಿ, ಸುಮ್ಮನಿರದು.

ಮೊದಲು ಸಂತೋಷವಾಯಿತು. ಕಣ್ಣಲ್ಲಿ ನೀರೇ ಬಂತು. ಮುದುಕಿಗೆ ಕಾಯಿಲೆಯೇ ಇರಲಿಲ್ಲ! ಹಿಂದೆಯೇ ಭಯವೂ ಬಂತು. ಇದನ್ನು ಹೇಳುವುದು ಯಾರಿಗೆ? ಮಂಡಿಗೆ ಪಟ್ಟಿ ಕಟ್ಟಿಕೊಂಡಿರುವ ಸಿರ್ಕಳಿಗೋ? ಓಸ್ಮೊಗೋ? ಪ್ರೀತಿಯಿಂದ ನೇಯ್ದು ಕೊಟ್ಟ ಅತ್ತೆಗೋ? ರೈಮೊ ಜಮಖಾನವನ್ನು ಸುರುಳಿ ಸುತ್ತಿ ಡಿಕ್ಕಿಯ ತಳಕ್ಕೆ ತಳ್ಳಿ ಮೇಲೆ ಆಲೂಗಡ್ಡೆ ಚೀಲ ಹೇರಿದ.

ದಾರಿಯುದ್ದಕ್ಕೂ ಮುದುಕಿ ಹಾಡಿಕೊಂಡು ಓಡಿದಳು. ಒಂದು ಕೆಮ್ಮಿಲ್ಲ, ಒಂದು ಕರ್ ಇಲ್ಲ. ಮುಂದಿನ ಸೀಟಿನಲ್ಲಿದ್ದ ಅತ್ತೆ ಅವನ ಪಾದದಡಿಯ ಬರಿನೆಲವನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ಕೆರೆ ಮನೆಯ ಕಡಿದಾದ ಅಂಗಳಕ್ಕೆ, ಓಸ್ಮೊ ನೋಡುತ್ತಿರುವಂತೆಯೇ, ರೈಮೊ ಕಾರನ್ನು ರಿವರ್ಸಿನಲ್ಲೇ ಏರಿಸಿ ನಿಲ್ಲಿಸಿದ.

“ಏನ್ ಮಾಡಿದ್ಯೋ ಭಾವ?” ಓಸ್ಮೊನ ಬಾಯಿ ತೆರೆದೇ ಇತ್ತು.

“ಕಿವಿ ಬೇಕು ಕಣೋ, ಕಿವಿ,” ಎಂದು ರೈಮೊ ಶುರುಮಾಡಿದ. ಕಾಫಿ ಮುಗಿಯುವವರೆಗೂ ಎಣ್ಣೆಯ ನಾಡಿಮಿಡಿತ, ಸಿಲಿಂಡರಿನ ಅಂತರಂಗ, ಗಾಳಿಯ ಗುಳ್ಳೆಗಳ ಕುಟಿಲತೆ ಇವುಗಳ ಮೇಲೆ ಅಮೋಘ ಉಪನ್ಯಾಸ ನಡೆಯಿತು. ಸಿರ್ಕ ಅವನ ಭುಜದ ಮೇಲೆ ಕೈಯಿಟ್ಟು, “ನಮ್ಮ ರೈಮೊ ಹಟ ಹಿಡಿದ್ರೆ ಬಿಡೋನಲ್ಲ,” ಎಂದಳು. ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು. ರೈಮೊ ಹಿಗ್ಗಿ ಹೀರೇಕಾಯಿಯಾದ.

ಆಗ ಆಲೂಗಡ್ಡೆ ತರಲು ಡಿಕ್ಕಿಗೆ ಹೋಗಿದ್ದ ಅತ್ತೆ ವಾಪಸು ಬಂದಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕಂಕುಳಲ್ಲಿ ಮಣ್ಣು ಮೆತ್ತಿದ, ಎಣ್ಣೆ ಕುಡಿದ ನೀಲಿ ಪಟ್ಟೆಯ ಸುರುಳಿ. ಅದನ್ನು ಜಗಲಿಯ ಮೇಲೆ ಬಿಚ್ಚಿ ಹಾಸಿದಳು. ಎಲ್ಲರೂ ಜಮಖಾನ ನೋಡಿದರು. ಯಾರೂ ಏನೂ ಕೇಳಲಿಲ್ಲ. ಯಾರಾದರೂ ಕೇಳಿದ್ದರೆ ರೈಮೊ ಸುಳ್ಳು ಹೇಳಿ ಪಾರಾಗುತ್ತಿದ್ದ. ಆ ಮೌನ ಮಾತ್ರ ಅವನಿಂದ ತಡೆಯಲಾಗಲಿಲ್ಲ.

“ಕ್ಷಮಿಸಿ ಅತ್ತೆ! ನೀವು ಪ್ರೀತಿಯಿಂದ ಕೊಟ್ರಿ, ತೆಗೆಯೋಕೆ ಮನಸ್ಸೇ ಬರ್ಲಿಲ್ಲ. ಅದು ದಪ್ಪ. ಪೆಡಲು ಕೆಳಗೆ ಹೋಗ್ತಿರ್ಲಿಲ್ಲ. ಕ್ಲಚ್ಚಿಗೆ ಏನೂ ಆಗಿರ್ಲಿಲ್ಲ. ಗಾಳಿ ಇಲ್ಲ, ಗುಳ್ಳೆ ಇಲ್ಲ, ಎಲ್ಲಾ ಈ ಜಮಖಾನದ್ದೇ!”

ಹೆಲ್ವಿ ಜಮಖಾನದ ಎಣ್ಣೆ ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿದಳು.

“ಇದನ್ನ ಕಾರಿಗೆ ಅಂತ ನಿನಗೆ ಯಾರು ಹೇಳಿದ್ರು?”

“ನೀವೇ... ಕಾಲಿಗೆ ಅಂದ್ರಲ್ಲ?”

“ಸೌನಾದಲ್ಲಿ ಹಬೆಸ್ನಾನ ಮಾಡಿ ಈಚೆಗೆ ಬಂದೋನ ಕಾಲಿಗೆ. ಬಟ್ಟೆ ಹಾಕ್ಕೊಳ್ಳೋ ಕೋಣೆ ನೆಲಕ್ಕೆ ಅಂತ ಚಳಿಗಾಲವೆಲ್ಲ ಕೂತು ನೇಯ್ದೆ. ನೀನು ಬೂಟುಗಾಲಲ್ಲಿ ತುಳಿದೆ.”

“ಅಲ್ಲ ಅತ್ತೆ, ಆಗ್ಲೇ ಹೇಳಬಾರದಿತ್ತಾ?”

“ನಿನ್ನ ಕಾರು, ನಿನ್ನ ಕಾಲು. ನಡುವೆ ನಾನ್ಯಾಕೆ ಬಾಯಿ ಹಾಕ್ಲಿ? ನೀನು ಕೇಳಬಾರದಿತ್ತಾ?”

ಓಸ್ಮೊ ನಗುತ್ತ ನಗುತ್ತ ಜಗಲಿಯಿಳಿದು, ಕೆರೆಯಂಚಿನ ದೋಣಿಕಟ್ಟೆಯವರೆಗೂ ಹಿಂದೆ ಸರಿದು, ಅಲ್ಲಿಂದ ಬಟ್ಟೆಸಮೇತ ನೀರಿಗೆ ಬಿದ್ದ. ಬಿದ್ದ ಮೇಲೂ ನಗುತ್ತಲೇ ಇದ್ದ. ಹೆಲ್ವಿಯ ತುಟಿ ಮೊದಲು ಅದುರಿತು, ಆಮೇಲೆ ಮೈಯೆಲ್ಲ ಕುಲುಕಿತು. ಸಿರ್ಕ ಮಾತ್ರ ನಗಲಿಲ್ಲ. ತನ್ನ ಎಡಮಂಡಿಯ ಪಟ್ಟಿಯನ್ನು ನೋಡಿಕೊಂಡಳು, ಜಮಖಾನವನ್ನು ನೋಡಿದಳು, ಗಂಡನನ್ನು ನೋಡಿದಳು.

“ಸಿರ್ಕ, ಕಾರು...?” ಎಂದ ರೈಮೊ.

“ಕಾಯಿಲೆನೇ ಇಲ್ದಿದ್ದನ್ನ ಗುಜರಿಗೆ ಹಾಕೋಕಾಗುತ್ತಾ? ಇರ್ಲಿ ನಿನ್ನ ಮುದುಕಿ,” ಎಂದಳು ಸಿರ್ಕ. ರೈಮೊ ಅವಳನ್ನು ಅಪ್ಪಿಕೊಳ್ಳಲು ಎದ್ದ. “ಕೂತ್ಕೋ. ಮುಗಿದಿಲ್ಲ. ಪ್ರತಿ ಬೇಸಿಗೆ ಮನೆ ಜಮಖಾನಗಳನ್ನೆಲ್ಲ ಕೆರೇಲಿ ಒಗೀಬೇಕಲ್ಲ, ಅದು ಹಾಗೇ ಇದೆ. ಅದಕ್ಕೆ ಮಂಡಿ ಊರಬೇಕು. ನನ್ನ ಮಂಡಿ ನಿನ್ನ ಕ್ಲಚ್ಚಿಗೆ ಸಂದು ಹೋಯ್ತು.”

“ನನ್ನ ಮನೇವೂ ಇವೆ,” ಎಂದಳು ಹೆಲ್ವಿ.

“ನಮ್ಮವೂ!” ಎಂದಿತು ನೀರಿನಲ್ಲಿದ್ದ ತಲೆ. “ನನ್ನ ಹೊಸ ಕಾರಲ್ಲಿ ಒದ್ದೆ ಜಮಖಾನ ತರೋ ಹಾಗಿಲ್ಲ ಭಾವ. ನಿನ್ನ ಕಾರು ಹೇಗೂ ಸರಿಯಾಗಿದೆಯಲ್ಲ!”

ಹೀಗಾಗಿ ಮುಂದಿನ ಶನಿವಾರ ಮೂರು ಮನೆಗಳ ಜಮಖಾನಗಳನ್ನು ಹೊತ್ತ ಮುದುಕಿ ಒಂದು ಸದ್ದೂ ಮಾಡದೆ ಊರ ಕೆರೆದಂಡೆಯ ಒಗೆಯುವ ಕಟ್ಟೆಗೆ ಬಂದು ನಿಂತಳು. ಸಾಲಾಗಿ ಹೆಂಗಸರು, ಮೊಣಕಾಲ ಮೇಲೆ ಒಬ್ಬ ಗಂಡಸು. ಕೈಯಲ್ಲಿ ಬ್ರಷ್ಷು, ಮೊಣಕೈವರೆಗೆ ಪೈನ್ ಸಾಬೂನಿನ ನೊರೆ. ಹಿಂದೆ ಮಡಿಸುವ ಕುರ್ಚಿಯಲ್ಲಿ ಕಾಲು ಚಾಚಿ ಕೂತ ಸಿರ್ಕ.

“ಉಜ್ಜು!... ಇನ್ನೂ ಜೋರಾಗಿ! ಮಗುಚು! ಆ ಕಡೆ ಅಲ್ಲ, ಈ ಕಡೆ! ಹಿಂಡು ಅಂದ್ರೆ ಈಗಲೇ ಯಾಕೆ ಹಿಂಡ್ತೀಯ? ನಾನು ಹೇಳಿದ ಮೇಲೆ!”

ಪಕ್ಕದಲ್ಲಿ ಜಮಖಾನ ನೆನೆಸುತ್ತಿದ್ದ ಚರ್ಚಿನ ಸಂಗೀತದ ಟೀಚರಮ್ಮ, ಯಾರ ಪಿಯಾನೊಗೆ ರೈಮೊ ಪ್ರತಿ ವರ್ಷ ಶ್ರುತಿ ಮಾಡುತ್ತಿದ್ದನೋ ಆಕೆ, ಅವನನ್ನು ಗುರುತು ಹಿಡಿದಳು.

“ಏನ್ ರೈಮೊ, ನೀವಿಲ್ಲಿ? ಏನ್ ಮಾಡ್ತಿದೀರಿ?”

“ಕ್ಲಚ್ ರಿಪೇರಿ,” ಎಂದ ರೈಮೊ, ತಲೆ ಎತ್ತದೆ.

ಆಕೆ ಅವನನ್ನೂ, ನೊರೆಯನ್ನೂ, ಕುರ್ಚಿಯಲ್ಲಿದ್ದ ಸಿರ್ಕಳನ್ನೂ ಒಮ್ಮೆ ನೋಡಿದಳು. ಆಮೇಲೆ ತನ್ನ ಬಳಿಯಿದ್ದ ಇನ್ನೊಂದು ಬ್ರಷ್ಷನ್ನು ಮೆಲ್ಲಗೆ ಅವನ ಕಡೆ ಸರಿಸಿದಳು.